ಬೇಡ ಎಂದ ಅಧ್ಯಕ್ಷೆ

ಅಮೆರಿಕದ ಸ್ಕೋಕಿ ಎಂಬ ಊರಿನ ಹೋಟೆಲೊಂದರಲ್ಲಿ ನಮ್ಮ ವಾಣಿಜ್ಯ ಅಧ್ಯಾಪಕರ ಸಂಘದ ಚುನಾವಣೆ ನಡೆದಿತ್ತು. ಡೆಟ್ರಾಯಿಟ್ ಕಡೆಯ ಕಾಲೇಜಿನಲ್ಲಿ ಅಕೌಂಟಿಂಗ್ ಕಲಿಸುವ ಧಾರವಾಡದ ಸುಧಾ ಅವರ ಹೆಸರನ್ನು ಅಧ್ಯಕ್ಷ ಸ್ಥಾನಕ್ಕೆ ನಾನೇ ಸೂಚಿಸಿದೆ. ಅವರಿಗೆ ಆ ಸ್ಥಾನದ ಮೇಲೆ ಬಹಳ ಆಸೆಯಿತ್ತು. ಗೆದ್ದರೆ ಏನೇನು ಮಾಡುತ್ತೇನೆಂದು ಬೆಳಗಿನ ತಿಂಡಿಯ ಹೊತ್ತಿಗೇ ಹೇಳಿ ಮುಗಿಸಿದ್ದರು.

ಸುಧಾ ಎದ್ದು ನಿಂತು, “ಅಯ್ಯೋ, ನಾನು ಬೇಡ. ನನಗಿಂತ ದೊಡ್ಡವರಿದ್ದಾರೆ” ಎಂದರು.

ಸಭೆಯ ನಿಯಮ ನೋಡಿಕೊಳ್ಳುತ್ತಿದ್ದ ಲಿಂಡಾ, “ಸರಿ, ಥ್ಯಾಂಕ್ಯೂ” ಎಂದು ಹೆಸರು ಹೊಡೆದುಹಾಕಿದರು.

ಸುಧಾ ಅವರ ಮುಖ ಸಪ್ಪಗಾಯಿತು. ಕೂತು ನನ್ನ ಕಿವಿಯಲ್ಲಿ, “ಏನ್ರಿ ಸರ್, ಈಕಿ ಇನ್ನೊಮ್ಮೆ ಕೇಳಂಗಿಲ್ಲೇನು?” ಎಂದರು.

“ಬೇಕು ಅನ್ನಬಾರದಿತ್ತಾ?”

“ಕೇಳಿದ ಕೂಡ್ಲೇ ಹೂಂ ಅಂದ್ರ ಮಂದಿ ಏನಂತಾರ್ರೀ?”

ನಾನು ಎದ್ದೆ. “ಲಿಂಡಾ, ನಮ್ಮ ಕಡೆಯವರು ಮೊದಲ ಸಲ ಕಾಫಿಯನ್ನೂ ಬೇಡ ಅಂತಾರೆ. ದಯವಿಟ್ಟು ಮತ್ತೆ ಕೇಳಿ.”

ಲಿಂಡಾ ನಿಯಮದ ಪುಸ್ತಕ ತಿರುವಿದರು. “ಮತ್ತೆ ಕೇಳಬಾರದು ಅಂತ ಎಲ್ಲೂ ಬರೆದಿಲ್ಲ” ಎಂದು ಹೇಳಿ, ಮತ್ತೆ ಕೇಳಿದರು.

“ಎಲ್ಲರೂ ಇಷ್ಟು ಒತ್ತಾಯ ಮಾಡಿದರೆ ನಾನು ಹೇಗೆ ಇಲ್ಲ ಅನ್ನಲಿ?” ಎಂದರು ಸುಧಾ. ಸಭೆಯೆಲ್ಲ ನಕ್ಕಿತು. ಚುನಾವಣೆಯಲ್ಲಿ ಅವರ ಎದುರು ನಿಂತಿದ್ದವರೂ ಚಪ್ಪಾಳೆ ತಟ್ಟಿದರು. ಸುಧಾ ಸುಲಭವಾಗಿ ಗೆದ್ದರು.

ಆಮೇಲೆ ಕಾರ್ಯದರ್ಶಿ ಸ್ಥಾನಕ್ಕೆ ಸುಧಾ ನನ್ನ ಹೆಸರು ಹೇಳಿದರು. ನಾನು ಬೇಡ ಎಂದೆ. ನನಗೆ ನಿಜವಾಗಿಯೂ ಬೇಡವಾಗಿತ್ತು. ಲಿಂಡಾ ಕಣ್ಣು ಮಿಟುಕಿಸಿ ಮತ್ತೆ ಕೇಳಿದರು. ಖಂಡಿತ ಬೇಡ ಎಂದೆ. “ಗೊತ್ತು, ಗೊತ್ತು” ಎಂದು ಇನ್ನೂ ಪ್ರೀತಿಯಿಂದ ಕೇಳಿದರು.

ಈಗ ಸಂಘದ ಕಾರ್ಯದರ್ಶಿ ನಾನೇ.