ಬದಲಿ ಆಳು ಕಳಿಸಿದ ಅಳಿಯ

ಮುನಿರಾಮಯ್ಯನ ಹೆಸರೆತ್ತಿದರೆ ಮಹದೇವನಿಗೆ ಇವತ್ತಿಗೂ ಮೈ ಉರಿಯುತ್ತದೆ. "ಒಬ್ಬನ ಬದಲು ಇಬ್ಬರನ್ನ ಕಳಿಸಿದ್ದೆ ಕಣ್ರೀ, ಇಬ್ಬರನ್ನ! ಆದ್ರೂ ನಮ್ಮ ಕೊಯ್ಲಿಗೆ ಆ ಮನುಷ್ಯ ಬರ್ಲಿಲ್ಲ" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಾನೆ. ಹೆಂಡತಿ ಕಲಾ ಪಕ್ಕದಲ್ಲಿದ್ದರೆ, "ಅದನ್ನೇ ಅಲ್ವಾ ನೀವು ಮಾಡ್ಬಾರ್ದಾಗಿದ್ದಿದ್ದು" ಅನ್ನುತ್ತಾಳೆ. ಆಗ ಸಿಟ್ಟು ಮುನಿರಾಮಯ್ಯನನ್ನು ಬಿಟ್ಟು ಅವಳ ಮೇಲೆ ತಿರುಗುತ್ತದೆ.

ಮಹದೇವ ಬೆಂಗಳೂರಿನ ಕುರುಬರಹಳ್ಳಿಯವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ವೆಲ್ಡಿಂಗ್ ಕಲಿತವನು. ಬಾಡಿಗೆ ಶೆಡ್ಡೊಂದರಲ್ಲಿ ಗೇಟು, ಗ್ರಿಲ್ಲು ಮಾಡಿಕೊಂಡೇ ಐವತ್ತರ ಹತ್ತಿರ ಬಂದಿದ್ದ. ಎದುರಿಗೆ ಅಪಾರ್ಟ್‌ಮೆಂಟ್ ಎದ್ದ ಮೇಲೆ ಗ್ರೈಂಡರ್ ಸದ್ದಿಗೆ ದಿನಾ ಜಗಳ. ಇವನ ಗಂಟಲೋ ಗ್ರೈಂಡರನ್ನೂ ಮೀರಿಸುವಂಥದ್ದು. ಕೊನೆಗೆ ಮಾಲೀಕ ಶೆಡ್ಡು ಬಿಡಿಸಿದ. ಅದೇ ವರ್ಷ ನಂದಿ ಬೆಟ್ಟದ ತಪ್ಪಲಿನ ಊರಲ್ಲಿ ಕಲಾಳ ಅಪ್ಪ ತೀರಿಕೊಂಡರು. ಅವರ ದ್ರಾಕ್ಷಿ ತೋಟ ಒಬ್ಬಳೇ ಮಗಳಿಗೆ ಬಂತು. ತಿನ್ನುವ ದ್ರಾಕ್ಷಿಯಲ್ಲ, ವೈನ್ ಕಂಪನಿಗೆ ಹೋಗುವ ದ್ರಾಕ್ಷಿ. ಸಣ್ಣ ಹಣ್ಣು, ದಪ್ಪ ಸಿಪ್ಪೆ, ಬಾಯ್ತುಂಬ ಬೀಜ.

"ಏನ್ ಗುರು, ಒಂದು ಹನಿ ಕುಡಿಯದೋನು ಎಣ್ಣೆ ತೋಟ ನೋಡ್ಕೊಳಕ್ಕೆ ಹೊರಟಿದೀಯ?" ಎಂದು ಟೀ ಅಂಗಡಿಯ ಮುರುಗೇಶ್ ರೇಗಿಸಿದ. "ಒಂದು ಬೆಳೆ ಮುಗಿಯೋದ್ರೊಳಗೆ ಇದೇ ಬೆಂಚ್ ಮೇಲೆ ಬಂದು ಕೂತ್ಕೋತೀಯ, ನೋಡ್ತಿರು."

"ಬಂದ್ರೆ ನನ್ನ ಮುಖಕ್ಕೆ ನಿನ್ನ ಟೀನೇ ಎರಚು" ಅಂದ ಮಹದೇವ. ಬೀದಿಯೆಲ್ಲ ಕೇಳುವ ಹಾಗೆ ಅಂದಿದ್ದ. ಹಾಗಾಗಿ ಮೊದಲ ಬೆಳೆ ಕೈಗೆ ಬರಲೇಬೇಕಿತ್ತು. ಬಾರದಿದ್ದರೆ ತೋಟ ಮಾರಿ ವಾಪಸ್ಸು ಹೋಗೋಣ ಎಂದು ಕಲಾ ಮೊದಲೇ ಹೇಳಿದ್ದಳು.

ಊರು ಅವನನ್ನು 'ಅಳಿಯಂದ್ರೇ' ಎಂದು ಕರೆಯಿತು. ಅವನಿಗೆ ಕಷ್ಟವಾಗಿದ್ದು ಕೆಲಸವಲ್ಲ, ಅಲ್ಲಿನ ಸುಮ್ಮನಿರುವಿಕೆ. ಕುರುಬರಹಳ್ಳಿಯಲ್ಲಿ ಒಂದು ಕೂಗು ಹಾಕಿದರೆ ಮೂರು ಮನೆಯಿಂದ ಮರುಕೂಗು ಬರುತ್ತಿತ್ತು. ಜಗಳವಾಗಿ, ಸಂಜೆಗೆ ಎಲ್ಲ ತಣ್ಣಗಾಗುತ್ತಿತ್ತು. ಇಲ್ಲಿ ಆಚೆ ತೋಟದ ಇಂದ್ರಮ್ಮನ ಮೇಕೆಗಳು ಬೇಲಿ ದಾಟಿ ಬಳ್ಳಿಯ ಎಲೆಗೆ ಬಾಯಿ ಹಾಕಿದಾಗ ಇವನು ಗಂಟಲು ಹರಿಯುವಂತೆ ಕೂಗಾಡಿದ. ಆಕೆ ಒಂದು ಮಾತೂ ಆಡದೆ ಮೇಕೆಗಳನ್ನು ಹೊಡೆದುಕೊಂಡು ಹೋದಳು. ಎದುರು ಉತ್ತರವಿಲ್ಲದ ಸಿಟ್ಟು ಎಷ್ಟು ಭಾರ ಅನ್ನುವುದು ಅವತ್ತು ರಾತ್ರಿ ಮಲಗಿದಾಗ ಅವನಿಗೆ ಗೊತ್ತಾಯಿತು.

ದ್ರಾಕ್ಷಿ ಮಾಗುವ ಕಾಲಕ್ಕೆ ಪಕ್ಕದ ತೋಟದ ಮುನಿರಾಮಯ್ಯ ಬಂದ. "ಅಳಿಯಂದ್ರೇ, ಗುರುವಾರ ನಮ್ಮ ಕೊಯ್ಲು. ಮುಯ್ಯಾಳು. ಬೆಳಕು ಹರಿಯೋದ್ರೊಳಗೆ ಬಂದ್ಬಿಡಿ."

ಹಾಗಂದರೇನೆಂದು ಕಲಾ ಬಿಡಿಸಿ ಹೇಳಿದಳು. ಇವತ್ತು ಅವರ ತೋಟದಲ್ಲಿ ನಾವು ದುಡಿಯುವುದು, ನಾಳೆ ನಮ್ಮ ತೋಟದಲ್ಲಿ ಅವರು. ಕೂಲಿಯ ಮಾತೇ ಇಲ್ಲ. "ನೀವೇ ಹೋಗ್ಬೇಕು ರೀ" ಎಂದು ಒತ್ತಿಯೂ ಹೇಳಿದಳು.

ಆದರೆ ಅದೇ ಗುರುವಾರ ಮಾರೇನಹಳ್ಳಿಯಲ್ಲೊಂದು ಹೊಸ ಮನೆಗೆ ಗೇಟು ಕೂರಿಸಲು ಮಹದೇವ ಮಾತು ಕೊಟ್ಟಿದ್ದ. ಮರುದಿನವೇ ಗೃಹಪ್ರವೇಶ. ಬೆಂಗಳೂರಲ್ಲಿ ತಾನು ಹೋಗಲಾಗದ ಕಡೆ ಇನ್ನೊಬ್ಬನನ್ನು ಕಳಿಸಿದರೆ ಕೆಲಸ ನಿಲ್ಲುತ್ತಿತ್ತೇ? ಚಿಕ್ಕಬಳ್ಳಾಪುರದಿಂದ ಇಬ್ಬರು ಕೂಲಿಯವರನ್ನು ಗೊತ್ತುಮಾಡಿ ಮುನಿರಾಮಯ್ಯನ ತೋಟಕ್ಕೆ ಕಳಿಸಿದ. ದೊಡ್ಡ ಮನಸ್ಸು ಮಾಡಿದೆ ಎಂಬ ಖುಷಿಯಲ್ಲೇ ಬಸ್ಸು ಹತ್ತಿದ.

ಸಂಜೆ ಬಂದರೆ ಕಲಾಳ ಮುಖ ಬಾಡಿತ್ತು. ಮುನಿರಾಮಯ್ಯ ಆ ಇಬ್ಬರ ಕೈಗೆ ಕತ್ತರಿಯನ್ನೇ ಕೊಟ್ಟಿರಲಿಲ್ಲ. ಹೊಟ್ಟೆ ತುಂಬ ಊಟ ಹಾಕಿ ವಾಪಸ್ಸು ಕಳಿಸಿದ್ದ.

ಹತ್ತು ದಿನಕ್ಕೆ ಇವರ ಸರದಿ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಲಾರಿ ಬರುತ್ತದೆ, ಬಿಸಿಲೇರುವ ಮುಂಚೆ ಹಣ್ಣು ತುಂಬಿರಬೇಕು, ತಪ್ಪಿದರೆ ಈ ಕಡೆ ಮತ್ತೆ ಲಾರಿ ಇಲ್ಲ ಎಂದು ಕಂಪನಿಯಿಂದ ಫೋನು ಬಂತು. ಮೇಲೆ ನೋಡಿದರೆ ಮೋಡ. ಮಳೆ ಬಿದ್ದರೆ ಮಾಗಿದ ಹಣ್ಣು ಒಡೆದುಹೋಗುತ್ತದೆ. ಮಹದೇವ ಸಿಟ್ಟು ನುಂಗಿಕೊಂಡು ಮುನಿರಾಮಯ್ಯನ ಬಾಗಿಲಿಗೆ ಹೋದ.

"ಮಾವ, ಸೋಮವಾರ ನಮ್ಮ ಕೊಯ್ಲು."

ಮುನಿರಾಮಯ್ಯ ಜಗಲಿಯಿಂದ ಏಳಲಿಲ್ಲ. "ಯಾರನ್ನಾದ್ರೂ ಕಳಿಸ್ಲಾ ಅಳಿಯಂದ್ರೇ? ನಿಮ್ಮ ಕಡೆ ಹಂಗೇ ಅಲ್ವಾ?"

ಮಹದೇವನ ಬಾಯಿಂದ ಬರಬಾರದ ಮಾತು ಬಂತು. ಅದು ಊರೆಲ್ಲ ತಿರುಗಿತು. ಉಳಿದ ಮನೆಯವರೂ ಆಗಲ್ಲ ಅಂದರು. ಚಿಕ್ಕಬಳ್ಳಾಪುರದ ಕೂಲಿಯವರೆಲ್ಲ ಬೇರೆ ತೋಟಗಳಿಗೆ ಹೋಗಿಬಿಟ್ಟಿದ್ದರು.

ಸೋಮವಾರ ಬೆಳಕು ಮೂಡುವಾಗ ತೋಟದಲ್ಲಿ ಗಂಡ ಹೆಂಡತಿ ಇಬ್ಬರೇ. ಒಂದು ಸಾಲು ಮುಗಿಯುವುದರೊಳಗೆ ಮಹದೇವನಿಗೆ ಲೆಕ್ಕ ಗೊತ್ತಾಗಿತ್ತು: ಹೀಗಾದರೆ ಕಾಲು ಭಾಗವೂ ಲಾರಿ ಹತ್ತುವುದಿಲ್ಲ. ಕಲಾ ಮಾತ್ರ ಕುಯ್ಯುತ್ತಲೇ ಇದ್ದಳು.

ಆಗ ಬೇಲಿಯ ಕಡೆಯಿಂದ ಇಂದ್ರಮ್ಮ ಬಂದಳು. ಹಿಂದೆ ಮಗ, ಸೊಸೆ ಸುಮಾ, ಇಂದ್ರಮ್ಮನ ತಂಗಿಯ ಮನೆಯವರು. ಎಲ್ಲರ ಕೈಯಲ್ಲೂ ಕತ್ತರಿ.

"ನಾಲ್ಕು ಕೈಯಲ್ಲಿ ಎಷ್ಟು ಕುಯ್ತೀರ ಅಳಿಯಂದ್ರೇ? ಸ್ವಲ್ಪ ಸರೀರಿ."

ಮಹದೇವ ತಡವರಿಸಿದ. "ಅವತ್ತು ಮೇಕೆ ವಿಷಯಕ್ಕೆ ನಾನು ಅಷ್ಟೊಂದು ಬೈದಿದ್ದೆ…"

"ಬೈದಿದ್ದು ಮೇಕೆಗೆ ತಾನೇ? ಅದಕ್ಕಿನ್ನೂ ಸಿಟ್ಟಿದೆ. ಬಂದಿಲ್ಲ ನೋಡಿ" ಅಂದಳು ಇಂದ್ರಮ್ಮ, ಗೊಂಚಲಿಗೆ ಕೈ ಹಾಕುತ್ತಾ. ಬಳ್ಳಿ ಸಾಲಿನ ಆಚೆ ಸುಮಾ ಕಿಸಕ್ಕೆಂದಳು.

ಎಂಟಕ್ಕೆ ಬಂದ ಲಾರಿ ಡ್ರೈವರು ಅರ್ಧಕ್ಕೇ ಹೊರಡುತ್ತೇನೆಂದ. ಮಹದೇವ ಹಾಕಿದ ಕೂಗಿಗೆ ಇಂಜಿನ್ ಆರಿಸಿ ಕೂತ. ಕೊನೆಯ ಕ್ರೇಟು ಹತ್ತಿದಾಗ ಬಿಸಿಲು ಇನ್ನೂ ಚುರುಕಾಗಿರಲಿಲ್ಲ. ಅವತ್ತು ಮಳೆಯೂ ಬರಲಿಲ್ಲ.

ಊಟಕ್ಕೆ ಕೂತಾಗ ಮಹದೇವ ಅಂದ, "ನಿಮ್ಮ ಕೊಯ್ಲಿಗೆ ನಾನೇ ಬರ್ತೀನಿ."

"ನೀವೇ ಬರ್ಬೇಕು ಮತ್ತೆ. ಇಬ್ಬರನ್ನ ಕಳಿಸಿದ್ರೆ ಊಟಕ್ಕೆ ಹಾಕಕ್ಕೆ ನಮ್ಮನೇಲಿ ಅಷ್ಟು ಹಿಟ್ಟಿಲ್ಲ."

ಇಂದ್ರಮ್ಮನದು ತಡವಾಗಿ ಮಾಗುವ ನೀಲಿ ದ್ರಾಕ್ಷಿ. ಆ ಸಲ ಹಿಡಿದ ಮಳೆ ಬಿಡಲಿಲ್ಲ. ಬೂಷ್ಟು ಹಿಡಿದು ಬಳ್ಳಿ ಪೂರ್ತಿ ಹೋಯಿತು. ಆಕೆ ಅದನ್ನು ಕಿತ್ತು ರೇಷ್ಮೆಗೆಂದು ಹಿಪ್ಪುನೇರಳೆ ಹಾಕಿದಳು. ಮಹದೇವ ವಿಷಯ ಕೇಳಿ ಅವಳಲ್ಲಿಗೆ ಓಡಿದ. "ಸೊಪ್ಪೇ ಕುಯ್ದು ಕೊಡ್ತೀನಿ, ಕರೀರಿ."

"ನಾಲ್ಕು ಕಂತೆ ಸೊಪ್ಪಿಗೆ ಮುಯ್ಯಾಳು ಕರೆದ್ರೆ ಊರೋರು ನಗ್ತಾರೆ. ನಾನೂ ಸುಮಾನೂ ಸಾಕು. ಇರ್ಲಿ ಬಿಡಿ."

ಈಗ ಮಹದೇವ ಕರೆದವರ ಕೊಯ್ಲಿಗೆಲ್ಲ ತಾನೇ ಹೋಗುತ್ತಾನೆ. ಮುನಿರಾಮಯ್ಯನ ತೋಟಕ್ಕೂ ಹೋಗುತ್ತಾನೆ. ಮಾತಾಡುವುದಿಲ್ಲ, ಕುಯ್ಯುತ್ತಾನೆ, ಉಂಡು ಬರುತ್ತಾನೆ. ಅವರೆಲ್ಲರ ಮುಯ್ಯಿ ಆಯಾ ವರ್ಷಕ್ಕೆ ಮುಗಿಯುತ್ತದೆ. ಇಂದ್ರಮ್ಮನದು ಹಾಗೇ ನಿಂತಿದೆ. ಪ್ರತಿ ಕೊಯ್ಲಿನ ಕಾಲಕ್ಕೂ ಅವಳ ಬೇಲಿಯ ಹತ್ತಿರ ನಿಂತು, "ಏನಾದ್ರೂ ಕೆಲ್ಸ ಇದೆಯಾ ಇಂದ್ರಮ್ಮನೋರೇ?" ಎಂದು ಕೇಳುತ್ತಾನೆ. "ಏನೂ ಇಲ್ಲ ಅಳಿಯಂದ್ರೇ" ಅನ್ನುತ್ತಾಳೆ ಆಕೆ, ತಲೆಯೆತ್ತದೆ, ಸೊಪ್ಪು ಕುಯ್ಯುತ್ತಾ.