ನೀರಿನ ಮೇಲೆ ಉಳಿದ ಚೂರು

ನಿನ್ನ ಬಗ್ಗೆ ಬರೆಯುತ್ತೇನೆ ಎಂದಾಗ ಜರಡಿ ಅಕ್ಕ ಹೇಳಿದ್ದು ಒಂದೇ ಮಾತು: "ನಿಂಗೆ ಬೇರೆ ಕೆಲಸ ಇಲ್ವೇನೇ?" ಇದೆ. ನಾವಿಬ್ಬರೂ ಇರುವ ಲ್ಯಾಬಿನಲ್ಲಿ ರಿಪೋರ್ಟ್ ಟೈಪ್ ಮಾಡುವುದು ನನ್ನ ಕೆಲಸ. ಹನ್ನೊಂದು ವರ್ಷದಿಂದ ಅದನ್ನೇ ಮಾಡಿ ಕಣ್ಣು ಮಂಜಾಗಿದೆ. ನಾಲಿಗೆಗೆ ಮಾತ್ರ ಏನೂ ಆಗಿಲ್ಲ.

ಅಕ್ಕನ ಕೆಲಸ ಕೇಳಿ. ಗರ್ಭಕೋಶದ ಒಳಪದರದಿಂದ ತೆಗೆದ ಚೂರುಗಳು ಔಷಧಿ ನೀರು ತುಂಬಿದ ಪುಟ್ಟ ಡಬ್ಬಿಯಲ್ಲಿ ಬರುತ್ತವೆ. ನೋಡಿದರೆ ಬರೀ ರಕ್ತ, ಲೋಳೆ. ಅಕ್ಕ ಅದನ್ನು ಸಣ್ಣ ಜಾಲರಿಯಲ್ಲಿ ಸೋಸಿ, ಮುಚ್ಚಳವನ್ನೂ ಎರಡು ಸಲ ತೊಳೆದು, ಸಾಸಿವೆಯಷ್ಟು ಚೂರನ್ನೂ ಬಿಡದೆ ಹೆಕ್ಕುತ್ತಾಳೆ. ಅದಕ್ಕೇ ಆ ಹೆಸರು. ಮನೆಯಲ್ಲೂ ಅದೇ ಬುದ್ಧಿ. "ನಿಮ್ಮಮ್ಮ ಅಕ್ಕಿ ಆರಿಸೋಕೆ ಕೂತ್ರೆ ಊಟ ನಾಳೆನೇ" ಎಂದು ಬಸ್ ಓಡಿಸುವ ಅವಳ ಗಂಡ ಮಗಳಿಗೆ ಹೇಳುತ್ತಿರುತ್ತಾನೆ.

ಹೆಕ್ಕಿದ್ದನ್ನು ಮೇಣದಲ್ಲಿ ಹುದುಗಿಸಿ ಅಚ್ಚು ಮಾಡಬೇಕು. ಆ ಅಚ್ಚನ್ನು ಯಂತ್ರಕ್ಕೆ ಕೊಟ್ಟು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆದು, ಬೆಚ್ಚಗಿನ ನೀರಿನ ಮೇಲೆ ತೇಲಿಸಿ, ಗಾಜಿನ ಸ್ಲೈಡಿಗೆ ಎತ್ತಿಕೊಳ್ಳಬೇಕು. ಬಣ್ಣ ಹಾಕಿದ ಮೇಲೆ ದೊಡ್ಡ ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆ ಪದರ ಇದೆಯಲ್ಲ, ಅದು ಮುಟ್ಟಿನ ತಿಂಗಳ ಲೆಕ್ಕವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತದೆ. ಗ್ರಂಥಿಗಳು ನೆಟ್ಟಗಿದ್ದರೆ ಮೊದಲರ್ಧ, ಗರಗಸದ ಹಲ್ಲಿನ ಹಾಗೆ ಅಂಕುಡೊಂಕಾದರೆ ಕೊನೆಯರ್ಧ. ಬಣ್ಣ ಸರಿಯಾಗಿ ಹಿಡಿದಿದೆಯೇ ಎಂದು ನೋಡುವ ನೆಪದಲ್ಲಿ ಅಕ್ಕ ಇಣುಕಿ, "ಇಪ್ಪತ್ತೆರಡನೇ ದಿನ" ಎಂದು ನನ್ನ ಕಿವಿಯಲ್ಲಿ ಉಸುರುತ್ತಾಳೆ. ಹತ್ತು ನಿಮಿಷ ಬಿಟ್ಟು ಡಾಕ್ಟರು ಅದನ್ನೇ ಗಂಭೀರವಾಗಿ ಹೇಳಿ ಬರೆಸುತ್ತಾರೆ. ನಾನು ನಗು ತಡೆದುಕೊಂಡು ಟೈಪ್ ಮಾಡುತ್ತೇನೆ.

ಅವಳದೊಂದು ಕಟ್ಟುನಿಟ್ಟು. ಒಂದು ಅಚ್ಚು ಮುಗಿದು ಇನ್ನೊಂದಕ್ಕೆ ಕೈ ಹಾಕುವ ಮೊದಲು ನೀರಿನ ಮೇಲೆ ಒಂದು ಕಾಗದ ಎಳೆದು, ಕೆನೆ ತೆಗೆದ ಹಾಗೆ ಬಳಿದುಬಿಡಬೇಕು. ಹಿಂದಿನವರ ಚೂರು ತೇಲುತ್ತಾ ಉಳಿದರೆ ಮುಂದಿನವರ ಸ್ಲೈಡಿಗೆ ಹತ್ತಿಕೊಳ್ಳುತ್ತದೆ. ಇಪ್ಪತ್ತಾರು ವರ್ಷ ಒಂದು ಸಲವೂ ತಪ್ಪಿಸಿದವಳಲ್ಲ.

ಒಂದು ಸೋಮವಾರ ನನಗೂ ರಕ್ತ ಪರೀಕ್ಷೆ ಮಾಡುವವನಿಗೂ ಕುರ್ಚಿಯ ವಿಷಯಕ್ಕೆ ಜಗಳ ಹತ್ತಿತು. ನನ್ನ ಕುರ್ಚಿಯನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋದರೆ ಯಾರು ಸುಮ್ಮನಿರುತ್ತಾರೆ? "ಅಕ್ಕಾ, ಬಾ ಇಲ್ಲಿ, ನೀನೇ ನ್ಯಾಯ ಹೇಳು!" ಎಂದು ಕೂಗಿದೆ. ಅಕ್ಕ ಎದ್ದು ಬಂದು, ಇಬ್ಬರಿಗೂ ಮಂಗಳಾರತಿ ಮಾಡಿ, ಕುರ್ಚಿ ನನಗೆ ಕೊಡಿಸಿ ಹೋದಳು.

ಬುಧವಾರ ಡಾಕ್ಟರು ಒಂದು ರಿಪೋರ್ಟ್ ಬರೆಸಿದರು. ಬಟ್ಟೆ ಹೊಲಿಯುವ ಹೆಂಗಸು, ವಯಸ್ಸು ಮೂವತ್ತಮೂರು, ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಿಲ್ಲ. ಯಾಕಿಲ್ಲ ಎಂದು ನೋಡಲು ಪರೀಕ್ಷೆ. ಪದರವೆಲ್ಲ ಚೆನ್ನಾಗಿದೆ, ಆದರೆ ಒಂದು ಚೂರಿನಲ್ಲಿ ಕ್ಯಾನ್ಸರ್. ಗುರುವಾರ ಹೆರಿಗೆ ಡಾಕ್ಟರು ಗಂಡ ಹೆಂಡತಿಯನ್ನು ಕೂರಿಸಿಕೊಂಡು, ಗರ್ಭಕೋಶ ತೆಗೆಯಬೇಕಾಗುತ್ತದೆ ಎಂದು ಹೇಳಿಬಿಟ್ಟರು.

ಶುಕ್ರವಾರ ಬೆಳಗ್ಗೆ ಸ್ಲೈಡುಗಳನ್ನು ಜೋಡಿಸಿಡುತ್ತಿದ್ದ ಅಕ್ಕ ಆ ಹೆಂಗಸಿನ ಸ್ಲೈಡನ್ನು ಬೆಳಕಿಗೆ ಹಿಡಿದು ಹಾಗೇ ನಿಂತಳು. ಒಂದು ಚೂರು ಉಳಿದವುಗಳಿಂದ ದೂರ, ಅಂಚಿನಲ್ಲಿ ಒಂಟಿಯಾಗಿ ಕೂತಿತ್ತು. ಓಡಿಹೋಗಿ ರಿಜಿಸ್ಟರ್ ತೆಗೆದಳು. ಸೋಮವಾರ ಈ ಅಚ್ಚಿಗೆ ಮೊದಲು ಹೆರೆದದ್ದು ಎಪ್ಪತ್ತು ವರ್ಷದ ಹೆಂಗಸೊಬ್ಬರದು. ಅವರಿಗೆ ಕ್ಯಾನ್ಸರ್ ಇತ್ತು.

"ಕಾಗದ ಎಳೀಲಿಲ್ಲ ಕಣೇ," ಅಂದಳು. "ನೀನು ಕರೆದೆ, ಎದ್ದು ಬಂದೆ. ವಾಪಸ್ ಹೋಗಿ ಸೀದಾ ಮುಂದಿನದು ಶುರು ಮಾಡಿದೆ."

ನಾನು ಮಹಾ ಬುದ್ಧಿವಂತೆ. "ಬಾಯಿ ಮುಚ್ಕೊಂಡಿರು," ಅಂದೆ. "ರಿಟೈರ್ ಆಗೋಕೆ ಇನ್ನೆರಡು ವರ್ಷ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ಆಪರೇಷನ್‌ಗೆ ಮೊದಲು ಅವರೇ ಇನ್ನೊಂದು ಸಲ ಪರೀಕ್ಷೆ ಮಾಡಿಸ್ತಾರೆ ಬಿಡು."

"ಮಾಡಿಸದಿದ್ರೆ?"

ಆಗ ಆದ ನಾಚಿಕೆ ಇನ್ನೂ ಹೋಗಿಲ್ಲ.

ಅಕ್ಕ ನೇರ ಡಾಕ್ಟರ ಕೋಣೆಗೆ ನಡೆದಳು. "ಸಾರ್, ಆ ಚೂರು ಆ ಹುಡುಗಿದಲ್ಲ ಅನ್ಸುತ್ತೆ. ನನ್ನ ತಪ್ಪಿಂದ ಬಂದಿದ್ದು." ಡಾಕ್ಟರು ಕೆಂಡಾಮಂಡಲವಾದರು. ನಾನು ನುಗ್ಗಿ, "ಸಾರ್, ಕರೆದಿದ್ದು ನಾನು!" ಅಂದೆ.

"ನೀನು ಸುಮ್ನಿರು," ಅಂದಳು ಅಕ್ಕ. "ನೀನು ಕರೆದ್ರೆ ನನ್ನ ಬುದ್ಧಿ ಎಲ್ಲಿ ಹೋಗಿತ್ತು?"

ಆಮೇಲೆ ಆ ಹುಡುಗಿಯ ಅಚ್ಚನ್ನು ಮೇಣವಷ್ಟೇ ಉಳಿಯುವವರೆಗೆ ಹೆರೆದಳು. ಇಪ್ಪತ್ತನಾಲ್ಕು ಸ್ಲೈಡು. ಊಟ ಇಲ್ಲ, ನೀರಿಲ್ಲ. ನಾನು ಹತ್ತಿರ ಸುಳಿದರೆ ಕಣ್ಣಲ್ಲೇ ಓಡಿಸಿದಳು. ಡಾಕ್ಟರು ಒಂದೊಂದನ್ನೂ ನೋಡಿದರು, ಆ ಹಿರಿಯರ ಸ್ಲೈಡಿನ ಪಕ್ಕದಲ್ಲಿಟ್ಟೂ ನೋಡಿದರು. ಅಂಚಿನ ಚೂರು ಥೇಟ್ ಅವರದೇ. ಇವಳ ಅಚ್ಚಿನಲ್ಲಿ ಕ್ಯಾನ್ಸರಿನ ಸುಳಿವೇ ಇಲ್ಲ. ಡಾಕ್ಟರು ತಕ್ಷಣ ಹೆರಿಗೆ ಡಾಕ್ಟರಿಗೆ ಫೋನ್ ಮಾಡಿದರು. ಆಮೇಲೆ ಅಕ್ಕನಿಗೆ ಎಚ್ಚರಿಕೆ ಪತ್ರ ಬರೆಸಿದರು. ಅದನ್ನೂ ಟೈಪ್ ಮಾಡಿದ್ದು ನಾನೇ. "ನೆಟ್ಟಗೆ ಹೊಡಿ, ಅಳ್ತಾ ಹೊಡೆದ್ರೆ ತಪ್ಪಾಗುತ್ತೆ" ಎಂದು ಅಕ್ಕ ನನಗೇ ಗದರಿದಳು.

ಐದು ಗಂಟೆಗೆ ಗಂಡ ಹೆಂಡತಿ ಬಂದರು. ತಾನೇ ಹೇಳುತ್ತೇನೆಂದು ಅಕ್ಕ ಹಟ ಹಿಡಿದಿದ್ದಳು. "ನಿಮಗೆ ಕ್ಯಾನ್ಸರ್ ಇಲ್ಲಮ್ಮ. ಆ ಚೂರು ನಿಮ್ಮದಲ್ಲ, ಬೇರೆಯವರದು. ನನ್ನ ಕೈತಪ್ಪಿಂದ ನಿಮ್ಮ ಸ್ಲೈಡಿಗೆ ಬಂತು. ಬಯ್ಯೋದಾದ್ರೆ ನನ್ನನ್ನೇ ಬಯ್ಯಿ."

ಗಂಡ ಬೆಂಚಿನ ಮೇಲೆ ಕುಸಿದು ಗಟ್ಟಿಯಾಗಿ ಅತ್ತುಬಿಟ್ಟ. ಹೆಂಡತಿ ನಿಂತೇ ಇದ್ದಳು. ನಾನಾಗಿದ್ದರೆ ಲ್ಯಾಬನ್ನೇ ತಲೆಕೆಳಗು ಮಾಡುತ್ತಿದ್ದೆ. ಅವಳು ಕೇಳಿದ್ದು ಇಷ್ಟೇ: "ಮತ್ತೆ ಅದು ಯಾರದು?"

"ಹೆಸರು ಹೇಳೋ ಹಾಗಿಲ್ಲಮ್ಮ. ವಯಸ್ಸಾದವರು."

"ಅವರಿಗೆ ಗೊತ್ತಾ?"

"ಗೊತ್ತು. ಸೋಮವಾರ ಆಪರೇಷನ್."

"ನಿನ್ನೆ ರಾತ್ರಿಯೆಲ್ಲಾ ಇವರು ನನ್ನ ಕೈ ಹಿಡ್ಕೊಂಡೇ ಕೂತಿದ್ರು," ಎಂದು ಅವಳು ಗಂಡನ ಕಡೆ ನೋಡಿದಳು. "ಅವರ ಹತ್ತಿರ ಯಾರಾದ್ರೂ ಇದ್ದಾರಾ?"

ಅಕ್ಕ ನನ್ನ ಮುಖ ನೋಡಿದಳು. ಆ ಹಿರಿಯರ ರಿಪೋರ್ಟನ್ನು ಸ್ವತಃ ನಾನೇ ಟೈಪ್ ಮಾಡಿದ್ದೆ. ಅವರ ಹತ್ತಿರ ಯಾರಿದ್ದಾರೆ ಎಂದು ನನಗೂ ಗೊತ್ತಿರಲಿಲ್ಲ.