ನಲವತ್ತೈದು ಡಿಗ್ರಿಯ ಬೆಂಚು

ರಾಜಗೋಪಾಲನಗರದ ನಮ್ಮ ಜಿಮ್ಮಿನಲ್ಲಿ ಎದೆ ಬೆಳೆಸಲು ಎರಡು ಬೆಂಚುಗಳಿವೆ. ಒಂದು ಮಟ್ಟಸ, ಚಪ್ಪಟೆ ಮಲಗಿ ರಾಡು ಒತ್ತುವುದು. ಇನ್ನೊಂದು ಇನ್‌ಕ್ಲೈನ್, ಬೆನ್ನಿನ ಹಲಗೆ ಓರೆಯಾಗಿ ಎದ್ದಿರುತ್ತದೆ. ಎದೆಯ ಮೇಲ್ಭಾಗ ತುಂಬಿಕೊಳ್ಳಲಿ ಎಂದು. ಅದನ್ನು ಕಟ್ಟಿದವನು ನಾನೇ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಪೀಣ್ಯದಲ್ಲಿ ವೆಲ್ಡಿಂಗ್ ಕಲಿತವನು. ನನ್ನ ಕೈಯ ಗೇಟು ಜೋತುಬಿದ್ದಿದ್ದನ್ನು ಯಾರೂ ಕಂಡಿಲ್ಲ. ಬೆಂಚು ಮಾಡುವಾಗ ಯಾರನ್ನೂ ಅಳತೆ ಕೇಳಲಿಲ್ಲ. ಚೌಕಟ್ಟಿನ ಮೂಲೆ ಕೂಡಿಸಲು ನಾವು ಪೈಪನ್ನು ನಲವತ್ತೈದು ಡಿಗ್ರಿಗೇ ಕತ್ತರಿಸುವುದು. ಕಟಿಂಗ್ ಮಷಿನ್ ಸದಾ ಆ ಗುರುತಿನಲ್ಲೇ ನಿಂತಿರುತ್ತದೆ. ಹಲಗೆಯನ್ನೂ ಅದೇ ಓರೆಗೆ ಕೂರಿಸಿ ಬೆಸೆದುಬಿಟ್ಟೆ.

"ಗುರು, ಆನೆ ಕೂತ್ರೂ ಅಲ್ಲಾಡಲ್ಲ ಬಿಡು," ಎಂದರು ಎಲ್ಲರೂ. ಹಿಗ್ಗಿದೆ. ಮಟ್ಟಸ ಬೆಂಚನ್ನೇ ಬಿಟ್ಟು ಅದರ ಮೇಲೆ ಒತ್ತತೊಡಗಿದೆ. ವರ್ಷವಾದರೂ ಎದೆ ಹಾಗೇ ಉಳಿಯಿತು, ಬಲಭುಜ ಮಾತ್ರ ನೋಯಹತ್ತಿತು. ಒಂದು ದಿನ ಟೀ ಬಿಡುವಿನಲ್ಲಿ ಮೊಬೈಲಿನಲ್ಲಿ ವಿಡಿಯೋ ನೋಡುತ್ತಿದ್ದಾಗ ಗೊತ್ತಾಯಿತು: ಹಲಗೆ ಮೂವತ್ತು ಡಿಗ್ರಿಯ ಆಸುಪಾಸಿನಲ್ಲಿರಬೇಕು, ಅದಕ್ಕಿಂತ ನೆಟ್ಟಗಾದಷ್ಟೂ ಭಾರ ಎದೆ ಬಿಟ್ಟು ಭುಜಕ್ಕೆ ಬೀಳುತ್ತದೆ.

ನಾನು ಯಾರಿಗೂ ಹೇಳಲಿಲ್ಲ. ಸದ್ದಿಲ್ಲದೆ ಮಟ್ಟಸ ಬೆಂಚಿಗೆ ಹೋಗಿ, ರಾಡಿನ ಬದಲು ಎರಡು ಡಂಬೆಲ್ಲು ಹಿಡಿದು, ಮೊಣಕೈ ಮೈಗೆ ಹತ್ತಿರವಿಟ್ಟು ಒತ್ತಿದೆ. ನೋವು ಇಳಿಯಿತು. ನನ್ನ ಬೆಂಚಿನ ಮೇಲೆ ಉಳಿದವರು ಒತ್ತುತ್ತಲೇ ಇದ್ದರು. ಎರಡು ತಿಂಗಳು ಹಾಗೇ ಕಳೆಯಿತು.

ರಾಯಚೂರು ಕಡೆಯ ಒಬ್ಬನಿದ್ದ, ಗೋಡೌನಿನಲ್ಲಿ ಮೂಟೆ ಹೊರುವವನು. ಒಂದು ಸಂಜೆ ಆ ಬೆಂಚಿನ ಮೇಲಿಂದಲೇ ನನ್ನನ್ನು ಕರೆದ.

"ಅಣ್ಣಾ, ಭುಜ ಭಾಳ ಹಿಡದೈತ್ರಿ, ಎದಿಗೇನೂ ಹತ್ತವಲ್ದು. ತೂಕ ಕಮ್ಮಿ ಆತೇನೋ, ಇನ್ನೊಂದು ಪ್ಲೇಟ್ ಏರಿಸ್ಲೇನ್ರಿ?"

ನಾನು ಹೋಗಿ ರಾಡು ಹಿಡಿದೆ. ಭುಜವೇ ಅವನ ಅನ್ನ.

"ಏರಿಸ್ಬೇಡ. ಇಳಿ ಮೊದ್ಲು. ಹಲಗೆ ಜಾಸ್ತಿ ನೆಟ್ಟಗಾಗಿದೆ. ತಪ್ಪು ನಂದೇ ಕಣೋ."

ಅವನು ಇಳಿದು, ಬಲಭುಜ ಉಜ್ಜಿಕೊಳ್ಳುತ್ತಾ ಕೇಳಿದ: "ನಿಮಗ ಯಾವಾಗ ಗೊತ್ತಾತ್ರಿ?"

"ನಿನ್ನೆ," ಎಂದೆ.

ಭಾನುವಾರ ಗ್ರೈಂಡರ್ ತಂದು ಬೆಸುಗೆ ಕೊಯ್ದು, ಹಲಗೆಯನ್ನು ಮೂವತ್ತಕ್ಕೆ ಇಳಿಸಿದೆ. ಮರುವಾರ ಅವನು ಬಂದು ಖಾಲಿ ರಾಡನ್ನಷ್ಟೇ ಒತ್ತಿ ನೋಡಿದ. "ಈಗ ಎದಿಗೆ ಬಿಗಿ ಬರಾಕತ್ತೈತ್ರಿ, ಅಣ್ಣಾ. ನೀವು ಹೇಳಿದ್ದು ಚಲೋ ಆತು," ಎಂದು ಕೈ ಹಿಡಿದುಕೊಂಡ. ಎಡಗೈಯಲ್ಲಿ. ನೋವು ಇಳಿಯದ ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದ.